ನಮ್ಮ ಸನತ್‌ನಗರದ ತೋಳಮನುಷ್ಯ

ಭಾನುವಾರ ಮಧ್ಯಾಹ್ನ ಡೆಲಿವರಿಯವರು ಸನತ್‌ನಗರದ ನಮ್ಮ ಮನೆಯ ಬಾಗಿಲಲ್ಲಿ ನಿಂತು ತೆಲುಗಿನಲ್ಲಿ "ಓಟಿಪಿ ಚೆಪ್ಪಂಡಿ ಮೇಡಂ" ಅಂದಾಗ ನಾನು ಎರಡು ಸಲ ತಪ್ಪು ನಂಬರ್ ಹೇಳಿದೆ. ಬಿಪಿ ಮಾತ್ರೆ ನುಂಗುವ ವಯಸ್ಸಿನ ಹೆಂಗಸು ನಾನು. ಪಾರ್ಸಲ್ಲಿನಲ್ಲಿ ಇದ್ದದ್ದು ಕಾಮಿಕ್ಸ್.

ನಗಬೇಡಿ, ಮಾನದ ಪ್ರಶ್ನೆ.

ಕಾಮಿಕ್ಸ್ ಪ್ರೇಮಿಗಳ ಒಂದು ಗ್ರೂಪಿನಲ್ಲಿದ್ದೇನೆ. ದೊಡ್ಡ ದೊಡ್ಡ ನೌಕರಿಯ ಗಂಡಸರು ಆಫೀಸ್ ಟೈಮಿನಲ್ಲಿ, ಯಾವ ಹೀರೋ ಯಾರನ್ನು ಸೋಲಿಸುತ್ತಾನೆ ಅಂತ ಪಂಚಾಯ್ತಿ ಮಾಡುವ ಜಾಗ ಅದು.

ಅಲ್ಲಿ ನಾನು ಚಿಕ್ಕಂದಿನ ನನ್ನ ಮುಖವಾಡದ ಪತ್ತೇದಾರನ ಬಗ್ಗೆ, ಅವನು ತೋಳಮನುಷ್ಯನ ಬೆನ್ನು ಹತ್ತಿದ ಕಥೆಯ ಬಗ್ಗೆ ಉದ್ದಕ್ಕೆ ಬರೆದಿದ್ದೆ. ಕೊನೆಯ ಪುಟವನ್ನಂತೂ ಬಾಯ್ತುಂಬ ಹೊಗಳಿದ್ದೆ. ತೋಳ ಮತ್ತೆ ಮನುಷ್ಯನಾಗಿ ಮನೆಗೆ ಬರುತ್ತಾನೆ, ತಾಯಿ ಬಿಸಿಬಿಸಿ ಊಟ ಬಡಿಸುತ್ತಾಳೆ, ಪತ್ತೇದಾರ ಎದುರು ಮಾಳಿಗೆಯ ಮೇಲಿಂದ ನೋಡಿ ಸುಮ್ಮನೆ ಹೊರಟುಹೋಗುತ್ತಾನೆ...

ಅಂಥ ಪುಟವೇ ಇಲ್ಲ ಅಂದರು. "ಮೇಡಂ, ಅದು ಯಾವುದೋ ಸೀರಿಯಲ್ ಇರಬೇಕು" ಅಂತ ಒಬ್ಬರು ನಗುವ ಇಮೋಜಿ ಹಾಕಿದರು. ಅದಕ್ಕೆ ಉಳಿದವರೆಲ್ಲ ಲೈಕ್ ಒತ್ತಿದರು.

ಮೈಯೆಲ್ಲ ಉರಿದುಹೋಯಿತು. ಪುಸ್ತಕ ತರಿಸಿ ಕೊನೆಯ ಪುಟದ ಫೋಟೊ ನಿಮ್ಮ ಮುಖಕ್ಕೇ ಹಿಡಿಯುತ್ತೇನೆ ಅಂತ ಸವಾಲು ಹಾಕಿದೆ.

ಇಷ್ಟು ಧೈರ್ಯ ಎಲ್ಲಿಂದ ಬಂತು ಅಂದರೆ, ಆ ಕಥೆ ನಾನು ಕೇಳಿದ್ದು ಅಣ್ಣನ ಬಾಯಲ್ಲಿ.

ಅಪ್ಪ ಬಾಲಾನಗರದ ಫ್ಯಾಕ್ಟರಿಯಲ್ಲಿದ್ದರು. ಅಣ್ಣ ಸುಲ್ತಾನ್ ಬಜಾರಿಗೆ ಹೋದಾಗಲೆಲ್ಲ ಹಳೆಯ ಇಂಗ್ಲಿಷ್ ಕಾಮಿಕ್ಸ್ ತರುತ್ತಿದ್ದ. ಅವ್ವ ರೊಟ್ಟಿ ಬಡಿಯಲು ಕೂತರೆ ಅವನು ಪಕ್ಕದಲ್ಲಿ ಕೂತು ಒಂದೊಂದೇ ಚೌಕವನ್ನು ನಮ್ಮ ಮಾತಿನಲ್ಲಿ ಹೇಳಬೇಕು. ಹೇಳಿದರೆ ಮಾತ್ರ ಬಿಸಿರೊಟ್ಟಿ.

ನನ್ನ ಎಣ್ಣೆಗೈ ತಾಗಬಾರದು ಅಂತ ಪುಸ್ತಕವನ್ನು ಎತ್ತರಕ್ಕೆ ಹಿಡಿಯುತ್ತಿದ್ದ. ನನಗೆ ಕಾಣುತ್ತಿದ್ದದ್ದು ಕವರ್ ಅಷ್ಟೇ. ಓದಿದ ಮೇಲೆ ಅದನ್ನು ಅಂಗಡಿಗೆ ವಾಪಸ್ ಕೊಟ್ಟು ಬೇರೆ ತರುತ್ತಿದ್ದ.

ಅವ್ವನಿಗೆ ಹೀರೋ ಮೇಲೆ ಒಂಚೂರೂ ಗೌರವವಿರಲಿಲ್ಲ. "ಹಗಲೆಲ್ಲ ಮಲಗತಾನ, ಕತ್ತಲಾದ್ರ ಮುಖಕ್ಕ ಬಟ್ಟಿ ಕಟ್ಕೊಂಡು ಅಡ್ಡಾಡತಾನ. ಹೇಳಾವರು ಕೇಳಾವರು ಯಾರೂ ಇಲ್ಲೇನು ಇವಗ?" ಅನ್ನುತ್ತಿದ್ದಳು.

ತೋಳಮನುಷ್ಯನ ಮೇಲೆ ಮಾತ್ರ ಭಾರೀ ಕನಿಕರ. "ಅವಂದೇನ್ ತಪ್ಪೈತಿ ಪಾಪ, ಜಡ್ಡು ಬಂದೈತಿ."

ಈಗ ಪುಸ್ತಕ ಬಿಚ್ಚಿ ಓದುತ್ತಾ ಕೂತರೆ, ಅವ್ವನೇ ಸರಿ ಅನ್ನಿಸುತ್ತಿದೆ.

ಜಗತ್ತಿನ ಮಹಾ ಪತ್ತೇದಾರನಂತೆ. ಕೊಲೆ ನಡೆದಲ್ಲೆಲ್ಲ ಗುಪ್ಪೆಗುಪ್ಪೆ ಕೂದಲು, ಗೋಡೆಯ ತುಂಬ ಉಗುರಿನ ಗೀರು, ಆಕಾಶದಲ್ಲಿ ಗಂಗಾಳದಷ್ಟು ಚಂದ್ರ. ಈ ಮಹಾನುಭಾವ ನೆಲಮಾಳಿಗೆಯ ಕಂಪ್ಯೂಟರ್ ಮುಂದೆ ಕೂತು, ಇದು ಯಾರ ಕೆಲಸ ಇರಬಹುದು ಅಂತ ಗದ್ದ ಕೆರೆಯುತ್ತಿದ್ದಾನೆ. ನಮ್ಮ ಕಾಲೊನಿ ವಾಚ್‌ಮನ್ ಚಾ ಕುಡಿಯುವಷ್ಟರಲ್ಲಿ ಹೇಳಿಬಿಡುತ್ತಿದ್ದ.

ಆ ಊರಿನಲ್ಲಿ ಹುಣ್ಣಿಮೆ ಕೂಡ ಹೀರೋನ ಅನುಕೂಲ ನೋಡಿಕೊಂಡೇ ಬರುತ್ತದೆ.

ತೋಳನಾಗುವವನು ಪಿಯಾನೊ ರಿಪೇರಿ ಮಾಡುವ ಒಬ್ಬ ಸಾಧು ಮನುಷ್ಯ. ತನಗೆ ಏನಾಗುತ್ತಿದೆ ಅಂತ ಅವನಿಗೇ ತಿಳಿಯದು. ಅವನನ್ನು ಓಡಿಸಿ ಓಡಿಸಿ ಹೀರೋ ಕೊನೆಗೆ ಸೇತುವೆಯ ಮೇಲೆ ತರುತ್ತಾನೆ.

ಕೊನೆಯ ಪುಟ ತಿರುವಿದೆ.

ಮನೆ ಇಲ್ಲ, ತಾಯಿ ಇಲ್ಲ, ಊಟವೂ ಇಲ್ಲ. ತೋಳಮನುಷ್ಯ ಹಿಮಗಟ್ಟಿದ ಹೊಳೆಗೆ ಬೀಳುತ್ತಾನೆ. ಹೀರೋ ಸೇತುವೆಯ ಮೇಲೆ ನಿಂತು ಗಾಳಿಗೆ ಮೇಲಂಗಿ ಹಾರಿಸುತ್ತಾನೆ. ಮುಗಿಯಿತು.

ಆ ತಾಯಿಯ ಸೆರಗಿನ ಬಣ್ಣ ಕೂಡ ನನಗೆ ನೆನಪಿತ್ತು. ಇಂಗ್ಲಿಷ್ ಕಾಮಿಕ್ಸಿನ ತಾಯಿಗೆ ಸೆರಗು ಎಲ್ಲಿಂದ ಬಂತು ಅಂತ ಇಷ್ಟು ವರ್ಷ ತಲೆಗೇ ಹೊಳೆದಿರಲಿಲ್ಲ ನೋಡಿ.

ರಾಯಚೂರಿನಲ್ಲಿರುವ ಅಣ್ಣನಿಗೆ ಫೋನ್ ಹಚ್ಚಿದೆ. ಈಗ ರಿಟೈರ್ ಆಗಿ ಕಾಲೊನಿಯವರಿಗೆಲ್ಲ ಸತ್ಯ, ಶಿಸ್ತು ಅಂತ ಬುದ್ಧಿ ಹೇಳುವ ಮನುಷ್ಯ.

"ಅಣ್ಣಾ, ಕಡೀಕ ಅವ ಸಾಯ್ತಾನಲ್ಲೋ."

"ಹೂಂ, ಸಾಯ್ತಾನ."

"ಮತ್ತ ಮನಿಗಿ ಬಂದು ಉಂಡಿದ್ದು?"

ಆ ಕಡೆ ಅಣ್ಣ ಟಿವಿ ಆರಿಸಿದ್ದು ಕೇಳಿಸಿತು. ಆಮೇಲೆ ಅಂದ, "ಆಗ ಕಾಕಾ ದವಾಖಾನ್ಯಾಗಿದ್ದ, ತಂಗಿ. ನಿನಗ ಊರಿಗಿ ಹೋಗ್ಯಾನ ಅಂತ ಹೇಳಿದ್ವಿ."

ಕಾಕಾ ಅಂದರೆ ಅಪ್ಪನ ತಮ್ಮ. ಅವ್ವ ಮದುವೆಯಾಗಿ ಬಂದಾಗ ಇನ್ನೂ ಸಣ್ಣವನು, ಅವಳ ಕೈತುತ್ತು ತಿಂದೇ ಬೆಳೆದವನು. ಒಮ್ಮೊಮ್ಮೆ ಬಾಗಿಲು ಹಾಕಿಕೊಂಡು ಚೀರುತ್ತಿದ್ದದ್ದು ಮಬ್ಬಾಗಿ ನೆನಪಿದೆ. ಅವನಿದ್ದದ್ದು ಮಾನಸಿಕ ಆಸ್ಪತ್ರೆಯಲ್ಲಿ, ಅಲ್ಲಿಂದ ಮನೆಗೆ ಬರಲೇ ಇಲ್ಲ ಅನ್ನುವುದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ.

"ಕಡೀ ಪೇಜಿಗಿ ಬಂದಾಗ ಅವ್ವ ರೊಟ್ಟಿ ಬಡಿಯೂದು ನಿಲ್ಲಿಸಿ, 'ಮನಿಗಿ ಬರ್ತಾನಿಲ್ಲೋ?' ಅಂತ ಕೇಳಿದ್ಲು. ನಾ ಏನಂತ ಓದ್ಲಿ ಹೇಳು?"

ಫೋನ್ ಇಟ್ಟುಬಿಟ್ಟೆ.

ಅಷ್ಟರಲ್ಲಿ, ಈಗ ನನ್ನ ಜೊತೆಯಲ್ಲೇ ಇರುವ ಅವ್ವ ಗೋಡೆ ಹಿಡಿದುಕೊಂಡು ಹಜಾರಕ್ಕೆ ಬಂದಳು. ಕವರ್ ಮೇಲಿನ ತೋಳ ಅವಳ ಕಣ್ಣಿಗೆ ಬಿತ್ತು. "ಇದು ಅದs ಏನು? ಓದ, ಕೇಳೂಣು."

ಎದುರು ಕೂತು ಓದಿದೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೀರೋಗೆ ಅವ್ವನಿಂದ ಮೊದಲಿನ ಹಾಗೇ ಮಂಗಳಾರತಿ ಆಯಿತು. ಸೇತುವೆ ಬಂತು, ಅವನು ಹೊಳೆಗೆ ಬಿದ್ದ ಅಂತಲೂ ಓದಿದೆ.

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅವಗ ಈಸಾಕ ಬರ್ತಿತ್ತವಾ" ಅಂದೆ. "ದಂಡಿಗಿ ಹತ್ತಿ ನೆಟ್ಟಗ ಮನಿಗಿ ಹೋದ."

"ಹೂಂ" ಅಂದಳು ಅವ್ವ. "ತಡಾ ಆಗಿರ್ತೈತಿ, ಬಾಗಿಲಾ ಹಾಕಿರಂಗಿಲ್ಲ ಅವ್ರ ಅವ್ವ."

ಗ್ರೂಪಿನವರು ಇನ್ನೂ ಫೋಟೊ ಎಲ್ಲಿ ಅಂತ ಕೇಳುತ್ತಲೇ ಇದ್ದಾರೆ... ಸೋತೆ ಅಂತ ಬರೆದುಬಿಡಲೇ, ನೀವೇ ಹೇಳಿ?