ಅಕ್ಕನ ಕೈಗೆ ಚುಚ್ಚಿದ ಕಡಲ ಏಡಿ

ನಾನು ಚಿಕ್ಕವಳಿದ್ದಾಗ ಸಮುದ್ರವೆಂದರೆ ಒಂದು ವಾಸನೆ, ಅಷ್ಟೆ. ಆಲಂಕಾರಿನ ನಮ್ಮ ಮನೆಯಿಂದ ಸಮುದ್ರ ಬಹಳ ದೂರ. ನಾನದನ್ನು ಕಂಡೇ ಇರಲಿಲ್ಲ. ಮಂಗಳೂರಿನಿಂದ ಬಸ್ಸಿನಲ್ಲಿ ಪುತ್ತೂರಿಗೆ ಬಂದ ಮೀನು, ಬುಟ್ಟಿ ಹೊತ್ತವರ ತಲೆಯೇರಿ, ಕುಮಾರಧಾರೆ ದಾಟಿ ನಮ್ಮೂರು ಮುಟ್ಟುವಾಗ ಮಧ್ಯಾಹ್ನ ಕಳೆದಿರುತ್ತಿತ್ತು. ಬುಟ್ಟಿಯಿಂದ ತೊಟ್ಟಿಕ್ಕುವ ಉಪ್ಪುನೀರಿನ ವಾಸನೆ ಗದ್ದೆಯ ಆಚೆಯಿಂದಲೇ ಬರುತ್ತಿತ್ತು. ಮೊದಲು ಬೆಕ್ಕು ಎದ್ದು ಕೂರುತ್ತಿತ್ತು, ಆಮೇಲೆ ನಾನು.

ಆ ವರ್ಷ ಅಕ್ಕನಿಗೆ ಕಾಮಾಲೆ ಬಂದು ಹೋಗಿತ್ತು. ಅವಳಿಗೆ ಹದಿನಾರು, ನನಗೆ ಎಂಟು. ಎರಡು ತಿಂಗಳು ಉಪ್ಪು, ಖಾರ, ಎಣ್ಣೆ ಇಲ್ಲದ ಗಂಜಿ ಕುಡಿದು ಅವಳು ಬತ್ತಿ ಹೋಗಿದ್ದಳು. ಕಣ್ಣಿನ ಹಳದಿ ಹೋದರೂ ಸುಸ್ತು ಹೋಗಿರಲಿಲ್ಲ. ಒಂದು ಕೊಡ ನೀರು ತಂದರೆ ಜಗಲಿಯಲ್ಲಿ ಕುಳಿತು ಏದುಸಿರು ಬಿಡುತ್ತಿದ್ದಳು. ಅಮ್ಮ ಹೆರಿಗೆಗೆಂದು ಕಲ್ಲುಗುಂಡಿಯ ತವರಿಗೆ ಹೋಗಿದ್ದರಿಂದ ಅಡುಗೆಯೂ ಅವಳ ಪಾಲಿಗೇ ಬಿದ್ದಿತ್ತು.

ಪಥ್ಯ ಮುಗಿದ ದಿನ ಅಪ್ಪ ನಾಲ್ಕು ಕಡಲ ಏಡಿ ತಂದರು. ಬೈಹುಲ್ಲಿನಲ್ಲಿ ಕಾಲು ಕಟ್ಟಿದ, ನೀಲಿ ಮಚ್ಚೆಯ ದೊಡ್ಡ ಏಡಿಗಳು. "ನಿಂಗೆ ಅಂತ್ಲೇ ತಂದದ್ದು ಮಗಾ. ಗಂಜಿ ಕುಡ್ದು ಕುಡ್ದು ಬಾಯಿ ಸಪ್ಪೆ ಆಗಿರ್ಬೇಕು" ಎಂದರು. ಅಷ್ಟು ದಿನ ಕಾಣದ ನಗು ಅವರ ಮುಖದಲ್ಲಿತ್ತು.

ಅಕ್ಕ ಬಾವಿಯ ಬಳಿ ಕುಳಿತು ಏಡಿ ತೊಳೆಯುತ್ತಿದ್ದಾಗ ಚಿಪ್ಪಿನ ತುದಿಯ ಮುಳ್ಳು ಅವಳ ಬಲಗೈಯ ಕಿರುಬೆರಳಿನ ಬುಡಕ್ಕೆ ಚುಚ್ಚಿತು. ಒಂದೇ ಹನಿ ರಕ್ತ. ಅದನ್ನು ಒರೆಸಿಕೊಂಡು ಅವಳು ನನ್ನ ಕಡೆ ನೋಡಿದಳು. "ಅಪ್ಪನಿಗೆ ಹೇಳ್ಬೇಡ ಆಯ್ತಾ? ಪಾಪ, ಎಷ್ಟು ಖುಷಿಯಲ್ಲಿ ತಂದಿದ್ದಾರೆ." ನಾನು ಆಣೆ ಇಟ್ಟೆ. ಹೊಳೆಯ ಏಡಿ ನಮ್ಮನ್ನು ಎಷ್ಟೋ ಸಲ ಕಚ್ಚಿತ್ತು, ಏನೂ ಆಗಿರಲಿಲ್ಲ. ಆ ಸಂಜೆ ಮೂವರೂ ಬೆರಳು ನೆಕ್ಕುತ್ತಾ ಉಂಡೆವು.

ಮರುದಿನ ಬೆಳಿಗ್ಗೆ ಅಕ್ಕ ಏಳಲಿಲ್ಲ. ಮೈ ಕಾದ ಕಾವಲಿಯ ಹಾಗಿತ್ತು. ಅಂಗೈ ಬಾತು, ಚರ್ಮ ಬಿಗಿದು ಹೊಳೆಯುತ್ತಿತ್ತು. ಕಿರುಬೆರಳಿನ ಪಕ್ಕದಲ್ಲಿ ನೇರಳೆ ಹಣ್ಣಿನ ಬಣ್ಣದ ಎರಡು ಗುಳ್ಳೆಗಳು ಎದ್ದಿದ್ದವು.

"ಎಂತ ಆದ್ದು? ಎಂತ ಕಚ್ಚಿದ್ದು ಮಗಾ?" ಎಂದು ಅಪ್ಪ ಕೇಳಿದರೆ ಅವಳ ನಾಲಿಗೆ ಹೊರಳಲಿಲ್ಲ.

ನೆರೆಮನೆಯ ಅಜ್ಜ ಓಡಿ ಬಂದರು. ಊರಿನಲ್ಲಿ ಯಾರಿಗೆ ಏನು ಕಚ್ಚಿದರೂ ಕರೆಯದೆಯೇ ಬರುವ ಒಳ್ಳೆಯ ಮನುಷ್ಯ ಅವರು. ಕೈ ನೋಡಿ, "ಇದು ಹಾವಿಂದೇ ಮಾರಾಯ. ಸೌದೆ ರಾಶಿಗೆ ಕೈ ಹಾಕಿರ್ಬೇಕು" ಎಂದರು. ಮೊಣಕೈಯ ಮೇಲೆ ಬಟ್ಟೆಯನ್ನು ಬಿಗಿದು ಕಟ್ಟಿ, ಎಂಥದೋ ಸೊಪ್ಪು ಅರೆದು ಹಚ್ಚಿದರು.

ನಾನು ಬಾಗಿಲ ಬಳಿ ನಿಂತಿದ್ದೆ. ಏಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆಣೆ ಇಟ್ಟಿದ್ದೆನಲ್ಲ. ಹೇಳಿದರೆ ಅಪ್ಪನ ಮುಖ ಹೇಗಾದೀತೆಂಬ ಹೆದರಿಕೆಯೂ ಇತ್ತು. ಹಾವೇ ಇರಬಹುದು, ಅಜ್ಜನಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಎಂದು ಸಮಾಧಾನ ಮಾಡಿಕೊಂಡು ಸುಮ್ಮನಿದ್ದೆ.

ಬಿಸಿಲು ಏರುವ ಹೊತ್ತಿಗೆ ಬಾವು ಕಟ್ಟನ್ನೂ ದಾಟಿ ಮೇಲೇರಿತು. ಅಪ್ಪ ಅವಳನ್ನು ಬೆನ್ನಿಗೆ ಹಾಕಿಕೊಂಡರು.

"ನಾಳೆವರೆಗೆ ನೋಡುವ" ಎಂದರು ಅಜ್ಜ.

"ನಾಳೆವರೆಗೆ ಇವ್ಳು ಉಳಿಲಿಕ್ಕಿಲ್ಲ" ಎಂದು ಅಪ್ಪ ಅಂಗಳ ಇಳಿದರು. ತಂಬಿಗೆಯಲ್ಲಿ ನೀರು ಹಿಡಿದು ನಾನೂ ಹಿಂದೆ ಓಡಿದೆ.

ಬೇಸಗೆಯ ಹೊಳೆ ಬತ್ತಿ, ಮರಳು ಅಂಗಾಲು ಸುಡುತ್ತಿತ್ತು. ನಡುವೆ ಉಳಿದಿದ್ದ ನೀರನ್ನು ದೋಣಿಯಲ್ಲಿ ದಾಟಿದೆವು. ಆಚೆ ದಡದ ಏರು ಹತ್ತುವಾಗ ಅಪ್ಪ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಅವರ ಬೆವರೂ ಅಕ್ಕನ ಗುಳ್ಳೆಯಿಂದ ಒಸರುವ ನೀರೂ ಸೇರಿ ಅಂಗಿ ತೊಪ್ಪೆಯಾಗಿತ್ತು. ಬಸ್ಸಿಗಾಗಿ ಕಾದು ಕಾದು ಕಣ್ಣು ಬತ್ತಿತು. ಬಸ್ಸು ಕುಲುಕಿದಾಗಲೆಲ್ಲ ಅಕ್ಕ ನರಳುತ್ತಿದ್ದಳು. ಪುತ್ತೂರು ಹತ್ತಿರವಾದಾಗ ನರಳುವುದನ್ನೂ ನಿಲ್ಲಿಸಿದಳು. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ಆಸ್ಪತ್ರೆಯಲ್ಲಿ ಅಪ್ಪ, "ಹಾವು ಕಚ್ಚಿದ್ದು ಡಾಕ್ಟ್ರೆ" ಎಂದರು.

ಡಾಕ್ಟರು ಕಟ್ಟು ಬಿಚ್ಚಿ, ಸೊಪ್ಪು ತೊಳೆದು, ಕೈಯನ್ನು ಬೆಳಕಿಗೆ ಹಿಡಿದು ನೋಡಿದರು. "ಹಲ್ಲಿನ ಗುರ್ತು ಇಲ್ವಲ್ಲ ಮಾರಾಯ್ರೆ. ಹಾವನ್ನು ಯಾರಾದ್ರೂ ನೋಡಿದ್ದುಂಟಾ?"

ಯಾರೂ ನೋಡಿರಲಿಲ್ಲ. ನಾನು ಅಪ್ಪನ ಹಿಂದಿನಿಂದ ಮುಂದೆ ಬಂದೆ. "ಹಾವಲ್ಲ" ಎಂದೆ. "ಏಡಿ ಚುಚ್ಚಿದ್ದು. ನಿನ್ನೆ. ಕಡಲ ಏಡಿ. ಅಪ್ಪನಿಗೆ ಹೇಳ್ಬೇಡ ಅಂತ ಅಕ್ಕ ಹೇಳಿದ್ಲು."

ಡಾಕ್ಟರು ಅಪ್ಪನ ಕಡೆ ತಿರುಗಿದರು. "ಇವಳಿಗೆ ಮೊದ್ಲು ಎಂತಾದ್ರೂ ಸೀಕು ಇತ್ತಾ?"

"ಕಾಮಾಲೆ... ಈಗಷ್ಟೇ ಗುಣ ಆಗಿತ್ತು."

"ಹಾಗಾದ್ರೆ ತಡ ಮಾಡುದು ಬೇಡ. ಕಡಲ ಬದಿಯ ಊರಲ್ಲಿ ಇದ್ದಾಗ ಬೆಸ್ತರಲ್ಲಿ ಇಂಥ ಕೈ ನೋಡಿದ್ದೇನೆ. ಸಮುದ್ರದ ನಂಜು ಇದು. ಮೊದಲೇ ಸೋತ ಮೈಗೆ ಬೇಗ ಏರ್ತದೆ. ಈಗ್ಲೇ ಕೊಯ್ದು ಕೆಟ್ಟದ್ದನ್ನು ತೆಗೀಬೇಕು. ಬೆರಳು ಹೋಗ್ಬಹುದು. ಬಿಟ್ರೆ ಹುಡುಗಿ ಉಳಿಯುದಿಲ್ಲ."

"ಬೆರಳು ಹೋಗ್ಲಿ ಡಾಕ್ಟ್ರೆ" ಎಂದರು ಅಪ್ಪ. ಕೊಟ್ಟ ಕಾಗದಕ್ಕೆ ರುಜು ಹಾಕಿದರು.

ಅಕ್ಕನನ್ನು ಒಳಗೆ ಕೊಂಡೊಯ್ದ ಮೇಲೆ ನಾವಿಬ್ಬರೂ ವರಾಂಡದಲ್ಲಿ ಗೋಡೆಗೊರಗಿ ಕುಳಿತೆವು. ಅಪ್ಪ ಹೊಡೆಯಬಹುದೆಂದು ಕಾದೆ. ಅವರು ಹೊಡೆಯಲಿಲ್ಲ. "ಬೆಳಿಗ್ಗೆ ಹೇಳ್ಬಾರ್ದಿತ್ತಾ ಮಗಾ?" ಎಂದರು. ಸ್ವರದಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವು. ಹೊಡೆದಿದ್ದರೇ ಚೆನ್ನಾಗಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ಅಕ್ಕ ಉಳಿದಳು. ಎರಡು ಬೆರಳು ಹೋದವು, ಅಂಗೈಯ ಅಂಚೂ ಹೋಯಿತು. ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಉಳಿದ ಮೂರೇ ಬೆರಳಿನಲ್ಲಿ ಹೂ ಕಟ್ಟಿದಳು, ಮಕ್ಕಳಿಗೆ ಜಡೆ ಹೆಣೆದಳು. ಬೆಳಿಗ್ಗೆಯೇ ಹೇಳಿದ್ದರೆ ಆ ಬೆರಳುಗಳು ಉಳಿಯುತ್ತಿದ್ದವೋ ಏನೋ, ಯಾರೂ ಹೇಳಲಾರರು. ಇಬ್ಬರೂ ಮುದುಕಿಯರಾದ ಮೇಲೆ ಒಮ್ಮೆ ಅವಳನ್ನೇ ಕೇಳಿದೆ. "ಹೇಳ್ಬೇಡ ಅಂದದ್ದು ನಾನಲ್ವಾ, ನೀನು ಎಂತಕ್ಕೆ ಸಂಕಟ ಪಡುದು?" ಎಂದಳು. ಆದರೂ ಸಂಕಟ ಹೋಗಲಿಲ್ಲ.

ಈಗಿನ ಮಕ್ಕಳಿಗೆ ಸಮುದ್ರ ದೂರವಲ್ಲ. ನನ್ನ ಮೊಮ್ಮಕ್ಕಳು ರಜೆ ಸಿಕ್ಕಿದರೆ ಬೆಳಿಗ್ಗೆ ಹೋಗಿ ಅಲೆಯಲ್ಲಿ ಬಿದ್ದೆದ್ದು ಸಂಜೆಗೆ ಬರುತ್ತಾರೆ. ಮೀನು ತೊಳೆದು, ಕೊಯ್ದು, ಚೀಲದಲ್ಲಿ ಮನೆಗೇ ಬರುತ್ತದೆ. ಉಪ್ಪುನೀರಿನಲ್ಲಿ ಇರುವ ಆ ನಂಜು ಒಂದು ಬ್ಯಾಕ್ಟೀರಿಯಾ ಎಂದು ಶಾಲೆಗೆ ಹೋಗುವ ಮೊಮ್ಮಗನೇ ನನಗೆ ವಿವರಿಸುತ್ತಾನೆ.

ಮೊನ್ನೆ ಅವರಿಗೆ ಈ ಕಥೆ ಹೇಳಿ ಮುಗಿಸಿದಾಗ ಚಿಕ್ಕವಳು ನನ್ನ ಸೆರಗು ಜಗ್ಗಿದಳು. "ಅಜ್ಜಿ, ನಿನ್ನೆ ಬೀಚಲ್ಲಿ ಅಣ್ಣನ ಕಾಲಿಗೆ ಚಿಪ್ಪು ತಾಗಿದೆ. ಸಾಕ್ಸ್ ಹಾಕಿ ಮುಚ್ಚಿಟ್ಟಿದ್ದಾನೆ."

"ಹೇಳ್ಬೇಡ ಅಂದಿದ್ನಲ್ಲ!" ಎಂದು ಅವನು ಕಿರುಚಿದ.

ನಾನು ಎದ್ದೆ. ಸಾಬೂನು ಹಚ್ಚಿ ಗಾಯ ತೊಳೆದೆ, ಸೊಸೆಗೆ ಕಾರು ತೆಗೆಯಲು ಹೇಳಿದೆ. ಗಂಟೆ ಕಳೆಯುವುದರೊಳಗೆ ಪುತ್ತೂರಿನ ಡಾಕ್ಟರ ಮುಂದೆ ಕುಳಿತಿದ್ದೆವು. ಅವರು ಕೇಳುವ ಮೊದಲೇ ಹುಡುಗ, ಎಲ್ಲಿ, ಯಾವಾಗ, ಹೇಗೆ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಗಾಯ ಸಣ್ಣದಿತ್ತು. ಮನೆಗೆ ಹಿಂದಿರುಗುವಾಗ ಇಬ್ಬರೂ ಕಾರಿನಲ್ಲಿ ಜಗಳವಾಡುತ್ತಲೇ ಇದ್ದರು, ನನಗೆ ಕಣ್ಣು ಹತ್ತಿತು.