ಬೇಲಿಯ ತನಕ

ನಮ್ಮ ಮೆಡಿಕಲ್ ಷಾಪಿನ ಎದುರಿಗೆ ಹಳೆಯ ಮನೆಯೊಂದನ್ನು ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಮಧ್ಯಾಹ್ನ ಬಿಸಿಲಿಗೆ ಕಾದ ಗೋಡೆಗೆ ಯಾರೋ ಪೈಪು ಹಿಡಿದು ನೀರು ಬಿಡುತ್ತಾರೆ. ಆಗ ಒಂದು ವಾಸನೆ ಏಳುತ್ತದೆ. ಮಳೆಯದಲ್ಲ, ಮಣ್ಣಿನದೂ ಅಲ್ಲ. ಸಿಮೆಂಟು ನೀರು ಕುಡಿಯುವ ವಾಸನೆ. ಮೊನ್ನೆ ಆ ವಾಸನೆಗೆ ಮೈಮರೆತು, ಬಿ.ಪಿ. ಮಾತ್ರೆ ಕೇಳಿದವರಿಗೆ ಗ್ಯಾಸಿನ ಮಾತ್ರೆ ತೆಗೆದುಕೊಟ್ಟೆ. ಪುಣ್ಯಕ್ಕೆ ಅವರೇ ನೋಡಿ ವಾಪಸ್ಸು ಕೊಟ್ಟರು. ಇಲ್ಲದಿದ್ದರೆ ನನಗೆ ಒಂದು ವಾರಕ್ಕಾಗುವಷ್ಟು ಚಿಂತೆ ಸಿಗುತ್ತಿತ್ತು.

ನೆನಪಾದವರು ರಾಮಗಿರಿ ಹತ್ತಿರದ ನಮ್ಮ ಜಮೀನಿನ ಪಕ್ಕದವರು. ಚಿಕ್ಕಜಾಜೂರಿನಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದು, ನಿವೃತ್ತರಾಗಿ ಹೊಲದ ಮನೆಯಲ್ಲಿ ಹೆಂಡತಿಯೊಂದಿಗೆ ಇದ್ದವರು. ನನ್ನ ಹೆಂಡತಿ ಅವರನ್ನು ರೈಲ್ವೆ ಅಣ್ಣ ಎನ್ನುತ್ತಿದ್ದಳು. ಮಗಳಿಗೆ ಅವರು ರೈಲ್ವೆ ಮಾಮ. ನನಗೆ ಮಾತ್ರ ಕೊನೆಯವರೆಗೂ ಪಕ್ಕದ ಹೊಲದವರು. ಅದಕ್ಕಿಂತ ಹತ್ತಿರಕ್ಕೆ ಬಿಟ್ಟುಕೊಳ್ಳಲು ನನ್ನ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಅಲ್ಲಿ ಆಗಲೇ ಕಿಚ್ಚು ಬಿದ್ದಿತ್ತು.

ಐವತ್ತು ಹತ್ತಿರವಾದಾಗ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಹಿಡಿಯುತ್ತದೆ. ನನಗೆ ಹಿಡಿದದ್ದು ಹೊಲದಲ್ಲಿ ಮನೆ ಕಟ್ಟುವ ಹುಚ್ಚು. ಅಂಗಡಿಯಲ್ಲಿ ನನ್ನನ್ನು ಹುಡುಕಿಕೊಂಡು ಬರುವವರೆಲ್ಲ ಯಾವುದಾದರೊಂದು ನೋವು ಹೊತ್ತೇ ಬರುವವರು. ನೋವಿಲ್ಲದ ನಾಲ್ಕು ಜನ ಸುಮ್ಮನೆ ನನಗಾಗಿ ಬರಬೇಕು, ಉಣ್ಣಬೇಕು, ಮಧ್ಯಾಹ್ನ ಒಂದು ನಿದ್ದೆ ತೆಗೆಯಬೇಕು, ಹೋಗುವಾಗ ‘ಒಳ್ಳೇ ಮನೆ ಕಟ್ಟಿದೀಯಪ್ಪ’ ಎನ್ನಬೇಕು. ಇಷ್ಟೇ ನನ್ನ ಆಸೆ. ಕೇಳುವುದಕ್ಕೆ ಸಣ್ಣದೆನಿಸುತ್ತದೆ, ಆದರೆ ಈ ಆಸೆಗೆ ಕಬ್ಬಿಣ, ಸಿಮೆಂಟು, ಮರಳು ಎಲ್ಲ ಬೇಕಾಯಿತು.

ಗುದ್ದಲಿ ಪೂಜೆಯ ದಿನ ಅವರು ಬೇಲಿ ದಾಟಿ ಬಂದರು. ನಡಿಗೆ ವಿಚಿತ್ರವಾಗಿತ್ತು. ಜೀವಮಾನವಿಡೀ ಹಳಿಯ ನಡುವೆ ಅಡ್ಡ ಹಾಸಿದ ಸ್ಲೀಪರಿನಿಂದ ಸ್ಲೀಪರಿಗೆ ಕಾಲಿಟ್ಟು ನಡೆದವರು, ಬಯಲಿನಲ್ಲೂ ಅದೇ ಗಿಡ್ಡ ಅಳತೆಯ ಹೆಜ್ಜೆ ಹಾಕುತ್ತಿದ್ದರು. ನೆಲದ ಮೇಲೆ ಎಳೆದಿದ್ದ ಸುಣ್ಣದ ಗೆರೆಯ ಸುತ್ತ ಒಂದು ಸುತ್ತು ಬಂದು, ನನ್ನ ಹೆಂಡತಿಯ ಕಡೆ ನೋಡಿ ಹೇಳಿದರು:

“ಬಾಗ್ಲು ಗುಡ್ಡದ ಕಡಿಗೆ ಇಡಸ್ರಿ ತಂಗಿ. ಮಧ್ಯಾಹ್ನ ಆ ಕಡಿಂದ ಗಾಳಿ ಬರತೈತೆ.”

“ಹೌದಲ್ರಿ! ನಮಗೆ ಹೊಳಿಲೇ ಇಲ್ಲ ನೋಡ್ರಿ” ಎಂದಳು ಅವಳು.

ಮೂರು ತಿಂಗಳ ಹಿಂದೆ ನಾನು ಇದೇ ಮಾತು ಹೇಳಿದ್ದೆ. ಆಗ ಅವಳು, “ನಿಮಗೆ ಗಾಳಿ ಬಂದ್ರೂ ಚಿಂತೆ, ಬರ್ದಿದ್ರೂ ಚಿಂತೆ, ಸುಮ್ನಿರ್ರಿ” ಎಂದಿದ್ದಳು. ಗುದ್ದಲಿ ಪೂಜೆಯ ಸಂಜೆಯೇ ಎಂಜಿನಿಯರಿಗೆ ಫೋನು ಹೋಯಿತು. ನಕ್ಷೆ ಬದಲಾಯಿತು. ನನ್ನ ಮಾತು ಅವರ ಬಾಯಿಂದ ಬಂದ ಮೇಲೆ ಗೆದ್ದಿತು. ಗೆದ್ದದ್ದಕ್ಕೆ ಸಂತೋಷಪಡಬೇಕಿತ್ತು...

ಗೋಡೆ ಎದ್ದ ಮೇಲೆ ದಿನಕ್ಕೆ ಎರಡು ಹೊತ್ತು ನೀರು ಬಿಡಬೇಕಲ್ಲ. ನಾನು ಚಿತ್ರದುರ್ಗದಲ್ಲಿ, ಗೋಡೆ ರಾಮಗಿರಿಯಲ್ಲಿ. ಭಾನುವಾರ ಬಿಟ್ಟರೆ ನನಗೆ ಅಂಗಡಿ ಬಿಡುವಂತಿಲ್ಲ. ಅವರೇ ತಮ್ಮ ಬೋರಿನಿಂದ ಪೈಪು ಎಳೆದುಕೊಂಡು ಬೆಳಿಗ್ಗೆ ಸಂಜೆ ನೀರು ಬಿಡತೊಡಗಿದರು. ಏನಾದರೂ ಕೊಡಹೋದರೆ, “ನಿಮ್ಮ ಗ್ವಾಡೆ ನೆಪ. ಕುಂತು ಕುಂತು ನನ್ನ ಕಾಲು ಹಿಡ್ಕಂಡಿದ್ವು” ಎಂದು ನಕ್ಕುಬಿಟ್ಟರು. ನಾನು ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದೆ.

“ನೀರು ಬಿಟ್ರಾ?”

“ಬಿಟ್ಟೆ ಸಾರ್.”

“ಆ ಹಿಂದಿನ ಮೂಲೆಗೆ?”

“ಮೂಲಿಗೂ ಬಿಟ್ಟೆ.”

“ಬಿರುಕು ಏನಾದ್ರೂ...”

“ಗ್ವಾಡೆ ನಗ್ತೈತೆ ಸಾರ್. ನೀವು ಆರಾಮಾಗಿ ಮಾತ್ರೆ ಮಾರ್ರಿ.”

ನಗುವ ಗೋಡೆಯೆಂದರೆ ಬಾಯಿ ಬಿಟ್ಟ ಗೋಡೆಯೇ ಅಲ್ಲವೇ ಎಂದು ನನಗೆ ಆ ದಿನವೆಲ್ಲ ಸಂಕಟ. ಭಾನುವಾರ ಹೋಗಿ ನೋಡಿದರೆ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಅದಕ್ಕೂ ಸ್ವಲ್ಪ ಬೇಸರವಾಯಿತು ಎಂದರೆ ನಂಬುತ್ತೀರೋ ಇಲ್ಲವೋ.

ಆ ಭಾನುವಾರಗಳು! ಹೆಂಡತಿ ಒಗ್ಗರಣೆ ಮಂಡಕ್ಕಿ ಡಬ್ಬಿಗೆ ತುಂಬಿಕೊಳ್ಳುವಳು. ಹೊಳಲ್ಕೆರೆಯಲ್ಲಿ ಗಾಡಿ ನಿಲ್ಲಿಸಿ ಬಿಸಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಳ್ಳುತ್ತಿದ್ದೆವು. ಜೊತೆಗೆ ನನ್ನ ಗೆಳೆಯ. ನಾವು ಹೈಸ್ಕೂಲಿನಿಂದ ಒಟ್ಟಿಗೆ ಬೆಳೆದವರು. ಸಂಜೆಯಾದರೆ ಅವನು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಬಿಟ್ಟಿ ಪೇಪರು ಓದುವವನು, ಲೆಕ್ಕ ಹಾಕಿದರೆ ನನಗೆ ಇರುವ ಒಬ್ಬನೇ ಗೆಳೆಯ. ಹೊಲಕ್ಕೆ ಕರೆದರೆ ಮೊದಲೆಲ್ಲ ಮೊಣಕಾಲು ನೋವು ಎನ್ನುತ್ತಿದ್ದವನು, ಈಗ ಶನಿವಾರವೇ, “ಲೇ, ನಾಳೆ ಹೋಗಾಣ ಅಲ್ವಾ?” ಎಂದು ಕೇಳತೊಡಗಿದ. ನಾನು ಹಿಗ್ಗಿದೆ. ಎರಡು ವಾರ ಹಿಗ್ಗಿದ ಮೇಲೆ ತಿಳಿಯಿತು, ಅವನು ಬರುತ್ತಿದ್ದದ್ದು ಮನೆ ನೋಡುವುದಕ್ಕಲ್ಲ.

ಬೇವಿನ ಮರದ ಕೆಳಗೆ ಜಮಖಾನ ಹಾಸಿರುತ್ತಿತ್ತು. ಅವರು ಹಸಿ ಶೇಂಗಾ ಕಿತ್ತು ತಂದು, ಸೆಂಟ್ರಿಂಗಿನ ಮರದ ಚೂರುಗಳಿಗೆ ಬೆಂಕಿ ಹಚ್ಚಿ ಸುಡುತ್ತಿದ್ದರು. ಗೆಳೆಯ ಅಂಗಾತ ಮಲಗಿ ಅವರ ರೈಲ್ವೆ ಕತೆ ಕೇಳುವನು. ಹೆಂಡತಿ ಅವರ ಹೆಂಡತಿಯೊಂದಿಗೆ ಸೊಪ್ಪು ಸೋಸುವಳು. ನನ್ನ ಮಗಳಿಗೆ ಆಗ ಹದಿನಾರು. ನನ್ನ ಪ್ರಶ್ನೆಗಳಿಗೆಲ್ಲ ‘ಹೂಂ’, ‘ಉಹುಂ’, ‘ಆಮೇಲೆ’ ಎಂಬ ಮೂರೇ ಉತ್ತರ ಇಟ್ಟುಕೊಂಡಿದ್ದವಳು, ಅಲ್ಲಿ ಮಟ್ಟ ನೋಡುವ ನೀರಿನ ಪೈಪಿನ ಒಂದು ತುದಿ ಹಿಡಿದು ನಿಂತಿರುತ್ತಿದ್ದಳು. ಇನ್ನೊಂದು ತುದಿ ಅವರ ಕೈಯಲ್ಲಿ. “ಇನ್ನೊಂದು ನೂಲು ಮ್ಯಾಲೆ ಮಾಡವ್ವ... ಹಾಂ, ಈಗ ಸಮ ಆತು” ಎಂದು ಅವರು, “ಸಮ ಆತು ಮಾಮ!” ಎಂದು ಅವಳು. ಆ ತುದಿ ಹಿಡಿಯಬೇಕಾದವನು ನಾನು, ಟೇಪು ಹಿಡಿದು ಸಂಪಿನ ಆಳ ಮೂರನೆಯ ಸಲ ಅಳೆಯುತ್ತಿದ್ದೆ. ಹತ್ತಿರ ಹೋದರೆ ನಗು ಅರ್ಧಕ್ಕೆ ನಿಲ್ಲುತ್ತಿತ್ತು. “ಏನಿಲ್ಲ ಬಿಡಲೇ, ನೀನು ಸಂಪು ನೋಡ್ಕ ಹೋಗು” ಎನ್ನುತ್ತಿದ್ದ ಗೆಳೆಯ.

ಅವರಲ್ಲಿ ಒಂದಾದರೂ ಕೆಟ್ಟ ಗುಣ ಸಿಗಲಿ ಎಂದು ಹುಡುಕಿದ್ದುಂಟು. ಬೀಡಿ ಇಲ್ಲ, ಬಾಯಿ ಜೋರಿಲ್ಲ. ಇಂಥವರ ಮೇಲೆ ಹೊಟ್ಟೆಕಿಚ್ಚುಪಡುವುದು ಬಹಳ ಕಷ್ಟ. ಎಲ್ಲವನ್ನೂ ನಾವೇ ಒದಗಿಸಿಕೊಳ್ಳಬೇಕಾಗುತ್ತದೆ.

ತಾರಸಿ ಹಾಕಿದ ಮೇಲೆ ದೃಷ್ಟಿ ಬೊಂಬೆ ಕಟ್ಟಬೇಕೆಂದು ಹೆಂಡತಿ ನನ್ನ ಹಳೆಯ ಅಂಗಿ ಪ್ಯಾಂಟು ತಂದುಕೊಟ್ಟಳು. ಅವರು ಹುಲ್ಲು ತುಂಬಿ, ತಲೆಗೆ ಮಡಕೆ ಕಟ್ಟಿ, ಬೊಂಬೆಯ ಬಲಗೈಯನ್ನು ಮಡಿಸಿ ಹಣೆಗೆ ಒತ್ತಿ ನಿಲ್ಲಿಸಿದರು. ಅಷ್ಟೇ. ಮೇಸ್ತ್ರಿಯಿಂದ ಹಿಡಿದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ದಿನವಿಡೀ ನಿಲ್ಲುವುದು ಹಾಗೆಯೇ ಅಂತೆ. “ಅಪ್ಪಾ, ಇದು ನೀನೇ!” ಎಂದು ಮಗಳು ಫೋಟೋ ತೆಗೆದಳು. “ಇದು ವಾಸಿ ಕಣಪ್ಪ, ಫೋನ್ ಮಾಡಲ್ಲ” ಎಂದ ಗೆಳೆಯ. ನಾನೂ ನಕ್ಕೆ, ಆದರೆ ಅರ್ಧ ನಿಮಿಷ ತಡವಾಗಿ. ಆ ಅರ್ಧ ನಿಮಿಷವನ್ನು ಅವರೊಬ್ಬರೇ ಗಮನಿಸಿದರೆಂದು ಕಾಣುತ್ತದೆ. ಮುಂದಿನ ಭಾನುವಾರ ಹೋದಾಗ ಬೊಂಬೆಯ ಕೈ ಹಣೆಯಿಂದ ಇಳಿದಿತ್ತು. ಯಾರಿಗೂ ಹೇಳದೆ, ಹಗ್ಗ ಬಿಚ್ಚಿ ಪಕ್ಕಕ್ಕೆ ಕಟ್ಟಿದ್ದರು. ಅವರು ನಕ್ಕದ್ದನ್ನಾದರೂ ಸಹಿಸಬಹುದಿತ್ತು. ಈ ಮರ್ಯಾದೆಯನ್ನು ನನ್ನಿಂದ ಸಹಿಸಲಾಗಲಿಲ್ಲ.

ಗೃಹಪ್ರವೇಶ ಬಂತು.

ನಮ್ಮ ಕಡೆ ಕರೆಯುವುದೆಂದರೆ ಎರಡು ಸಲ. ಮುಂಚೆಯೇ ಕುಂಕುಮ ಹಚ್ಚಿದ ಕಾರ್ಡು ಕೊಟ್ಟು ಹೇಳಿ ಬರುವುದು ಒಂದು. ಆ ದಿನ ಎಲೆ ಹಾಕುವ ಹೊತ್ತಿಗೆ ಮನೆಯವರೊಬ್ಬರು ಹೋಗಿ, ‘ಏಳ್ರಿ, ಊಟಕ್ಕೆ ಬರ್ರಿ’ ಎಂದು ಎಬ್ಬಿಸಿಕೊಂಡು ಬರುವುದು ಇನ್ನೊಂದು. ಪೇಟೆಯಲ್ಲಿ ಈ ಎರಡನೆಯದು ಬಿಟ್ಟುಹೋಗಿದೆ. ಹಳ್ಳಿಯ ಹಳಬರು ಅದಿಲ್ಲದೆ ಕದಲುವುದಿಲ್ಲ. ಸಿಟ್ಟಿಗಲ್ಲ, ಕರೆಯದೆ ಎದ್ದು ಹೋದರೆ ಊಟಕ್ಕೆ ಕಾದು ಕುಳಿತಿದ್ದರು ಎಂದಾಗುತ್ತದಲ್ಲ, ಆ ಮಾನಕ್ಕೆ.

ಕಾರ್ಡನ್ನು ಹೆಂಡತಿಯೇ ಹೋಗಿ ಕೊಟ್ಟಿದ್ದಳು. ಆ ದಿನ, “ಅಣ್ಣಾರನ್ನ ಕರೆಯಕ್ಕೆ ಯಾರು ಹೋಗ್ತೀರಿ?” ಎಂದು ಅವಳು ಕೇಳಿದಾಗ, “ನಾನೇ ಹೋಗ್ತೀನಿ” ಎಂದು ಹೊರಟೆ. ಒಳ್ಳೆಯ ಮನಸ್ಸಿನಿಂದಲೇ ಹೊರಟಿದ್ದೆ. ಬೇಲಿಯ ತನಕ ಹೋದೆ. ಅಲ್ಲಿಂದ ಅವರ ಮನೆಯ ಜಗಲಿ ಚೆನ್ನಾಗಿ ಕಾಣುತ್ತದೆ. ಅವರು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕುಳಿತಿದ್ದರು. ಪಕ್ಕದಲ್ಲಿ ಅವರ ಹೆಂಡತಿ. ಮಡಿಲಲ್ಲಿ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ರವಿಕೆ ಕಣ.

ಕೂಗಿದ್ದರೂ ಸಾಕಿತ್ತು. ಅಷ್ಟರಲ್ಲಿ ಹಿಂದಿನಿಂದ, ನನ್ನ ಹೊಸ ಮನೆಯೊಳಗಿನಿಂದ ಗೆಳೆಯನ ದನಿ ಕೇಳಿಸಿತು: “ತಡೀರಪ್ಪ, ಅಣ್ಣಾರು ಬರ್ಲಿ. ಅವ್ರು ಬಂದ್ಮ್ಯಾಲೆ ಎಲೆ ಹಾಕಾಣ.”

ನನ್ನ ಮನೆಯ ಮೊದಲ ಪಂಕ್ತಿ ಅವರಿಗಾಗಿ ಕಾಯುತ್ತಿತ್ತು. ಇದೊಂದು ದಿನವಾದರೂ... ಎಂದುಕೊಂಡೆ. ಅಷ್ಟೇ ಅಂದುಕೊಂಡದ್ದು. ತಿರುಗಿ ಬಂದುಬಿಟ್ಟೆ.

“ಹೇಳಿ ಬಂದೆ. ನೀವು ಶುರು ಮಾಡ್ರಿ, ಬರ್ತೀನಿ ಅಂದ್ರು” ಎಂದೆ.

ಆ ಊಟದಲ್ಲಿ ನನ್ನ ಮನೆಯ ಮಾತು ಬರಲೇ ಇಲ್ಲ. ಗೆಳೆಯ ಪಕ್ಕದಲ್ಲೊಂದು ಎಲೆ ಖಾಲಿ ಹಾಕಿಸಿಕೊಂಡಿದ್ದ. ಹೋಳಿಗೆ ಬಂದಾಗಲೂ ಅಣ್ಣಾರು, ತುಪ್ಪ ಬಂದಾಗಲೂ ಅಣ್ಣಾರು. ಬಂದಿದ್ದರೆ ಅವರು ಒಂದು ಎಲೆಯ ಮುಂದೆ ಮಾತ್ರ ಇರುತ್ತಿದ್ದರು. ಬಾರದೆ ಎಲ್ಲರ ಬಾಯಲ್ಲೂ ಇದ್ದರು. ಕೊನೆಗೆ ಮಗಳು ಕ್ಯಾರಿಯರಿಗೆ ಊಟ ತುಂಬಿಕೊಂಡು ಅವರ ಮನೆಗೆ ಹೊರಟಾಗ ನಾನು ಕೈಯಲ್ಲಿದ್ದ ತುತ್ತನ್ನು ಎಲೆಗೆ ವಾಪಸ್ಸು ಇಟ್ಟೆ. ಚಿಂತೆಗೆ ನಿಜವಾದ ಕಾರಣ ಸಿಕ್ಕಿದ್ದು ಬಹುಶಃ ಅದೇ ಮೊದಲು.

ಮಗಳು ತಟ್ಟೆಯಲ್ಲಿ ತೆಂಗಿನಕಾಯಿ, ಕಣ ಹಿಡಿದು ವಾಪಸ್ಸು ಬಂದಳು.

“‘ಅಪ್ಪ ಕರೆಯಕ್ಕೆ ಬಂದಿದ್ರಲ್ಲ, ಯಾಕೆ ಬರ್ಲಿಲ್ಲ ಮಾಮ’ ಅಂತ ಕೇಳ್ದೆ. ‘ಬಂದಿದ್ರವ್ವ, ಬಂದಿದ್ರು, ನನಗೇ ಮೈಯಾಗೆ ಹುಷಾರಿರ್ಲಿಲ್ಲ, ಬೇಜಾರು ಮಾಡ್ಕಬ್ಯಾಡ್ರಿ ಅಂತ ಹೇಳು’ ಅಂದ್ರು.”

ನಾನು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ.

ಆಮೇಲೆಯೂ ಅವರು ನನ್ನೊಂದಿಗೆ ಮೊದಲಿನಂತೆಯೇ ಇದ್ದರು. ಆದರೆ ಬೇಲಿಯ ಆಚೆಯಿಂದ. “ಒಳಗೆ ಬರ್ರಿ ಅಣ್ಣಾ” ಎಂದು ಹೆಂಡತಿ ಕರೆದರೆ, “ಬರ್ತೀನಿ ತಂಗಿ, ಇನ್ನೊಂದಿನ” ಎನ್ನುವರು. ಜಮಖಾನ ಹಾಸುವುದು ನಿಂತಿತು. ಗೆಳೆಯನಿಗೆ ಮತ್ತೆ ಮೊಣಕಾಲು ನೋವು ಬಂತು. ಹೋಗಿ ತಪ್ಪಾಯಿತು ಎನ್ನಬೇಕೆಂದು ನಾನು ದಿನಾಲೂ ಚಿಂತಿಸಿದೆ. ಬಹಳ ಶ್ರದ್ಧೆಯಿಂದ ಚಿಂತಿಸಿದೆ. ಮರುವರ್ಷ ಶೇಂಗಾ ಕೀಳುವ ಕಾಲದಲ್ಲಿ ಅವರ ಅಳಿಯ ಅಂಗಡಿಗೆ ಫೋನು ಮಾಡಿದರು. ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲವಂತೆ...

ಅವರ ಶಿವಗಣಾರಾಧನೆಯ ಊಟಕ್ಕೆ ನಮ್ಮನ್ನು ಎರಡು ಸಲ ಕರೆದರು. ಅವರ ಮಗಳು ಎಲೆ ಹಾಕುವ ಹೊತ್ತಿಗೆ ನಮ್ಮ ಬಾಗಿಲಿಗೆ ಬಂದು, “ಏಳ್ರಿ ಸಾರ್, ಅವ್ವ ನಿಮ್ಮನ್ನ ಎಬ್ಬಿಸ್ಕಂಡೇ ಬಾ ಅಂದಾಳೆ” ಎಂದಳು. ಹೋದೆ. ತುರುವನೂರಿನಿಂದ, ಹೊಸದುರ್ಗದಿಂದ, ಚಿಕ್ಕಜಾಜೂರು ಜಂಕ್ಷನ್ನಿನಿಂದ ಎಷ್ಟೊಂದು ಜನ ಬಂದಿದ್ದರು! ನಾನು ಸತ್ತ ಮೇಲೆ ಇದರ ಅರ್ಧವಾದರೂ ಬಂದಾರೇ ಎಂಬ ಯೋಚನೆ ಬಂತು. ಪಂಕ್ತಿಯಲ್ಲಿ ಕುಳಿತು, ಸತ್ತವರ ಮೇಲೂ ಹೊಟ್ಟೆಕಿಚ್ಚುಪಟ್ಟವನು ನಾನು.

ಹೆಂಡತಿಗೆ ಮಾತ್ರ ಅಂದಿನಿಂದ ಒಂದು ಕೊರಗು ಹತ್ತಿಕೊಂಡಿತು. “ಗೃಹಪ್ರವೇಶದ ದಿನಾನೇ ಶುರುವಾಗಿತ್ತು ನೋಡ್ರಿ ಅವ್ರಿಗೆ. ಹುಷಾರಿಲ್ಲ ಅಂತ ಹೇಳಿ ಕಳಿಸಿದ್ರು. ಮನೆ ಸಡಗರದಾಗೆ ನಾವು ಹೋಗಿ ನೋಡ್ಲೇ ಇಲ್ಲ. ಅವತ್ತೇ ದುರ್ಗಕ್ಕೆ ಕರ್ಕಂಡು ಬಂದಿದ್ರೆ ಉಳೀತಿದ್ರು” ಎನ್ನುವಳು. ನನ್ನನ್ನು ಉಳಿಸಲು ಅವರು ಆಡಿದ ಸುಳ್ಳು ಅವಳನ್ನು ತಿನ್ನುತ್ತಿತ್ತು. ನಾನು ಕೇಳಿಯೂ ಕೇಳದವನಂತೆ ಎದ್ದು ಹೋಗುತ್ತಿದ್ದೆ.

ಹೋದ ಭಾನುವಾರ ಅವಳು ಅವರ ಜಗಲಿಯ ಮೇಲೆ, ಅವರ ಹೆಂಡತಿಯೊಂದಿಗೆ ಶೇಂಗಾ ಸುಲಿಯುತ್ತಾ ಕುಳಿತಿದ್ದಳು. ಊರಿಗೆ ಹೊರಡುವ ಹೊತ್ತಾಯಿತೆಂದು ಕರೆಯಲು ನಾನು ಒಳಗೇ ಹೋದೆ. ಅವಳು ಅದೇ ಮಾತು ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ತಾಯಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿ, “ಹಂಗನ್ಕಬ್ಯಾಡ ಕಣವ್ವ. ಅವತ್ತು ಅವ್ರಿಗೆ ಏನೂ ಆಗಿರ್ಲಿಲ್ಲ. ಗಟ್ಟಿಯಾಗೇ ಇದ್ರು” ಎಂದರು.

“ಮತ್ತೆ ಯಾಕೆ ಬರ್ಲಿಲ್ಲ?”

ಅವರು ನನ್ನ ಕಡೆ ನೋಡಲಿಲ್ಲ. ಮತ್ತೊಂದು ಕಾಯಿ ತೆಗೆದುಕೊಂಡು ಒಡೆದರು.

“ನಾನು ಕರೀಲಿಲ್ಲ” ಎಂದೆ. “ಬೇಲಿ ತನಕ ಬಂದು ವಾಪಸ್ಸು ಹೋದೆ.”

ದುರ್ಗದ ದಾರಿಯಲ್ಲಿ ಹೊಳಲ್ಕೆರೆ ದಾಟಿದೆವು. ಹೆಂಡತಿ ಬೈಯುತ್ತಾಳೆ, ಅಳುತ್ತಾಳೆ, ಮಗಳಿಗೆ ಫೋನು ಮಾಡಿ ಹೇಳುತ್ತಾಳೆ ಎಂದು ನಾನು ಎಲ್ಲದಕ್ಕೂ ಒಂದೊಂದು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

“ಎಷ್ಟೊತ್ತು ಕಾದಿದ್ರೋ ಅವತ್ತು, ಅವ್ರು?”

ಗೊತ್ತಿಲ್ಲ ಎಂದೆ. ಮನೆಗೆ ಬೀಗ ಹಾಕಿ ಮೂರು ಸಲ ತಿರುಗಿ ಬಂದು ಎಳೆದು ನೋಡುವವನು ನಾನು. ಅಂದು ಬೇಲಿಯಿಂದ ಹೊರಟ ಮೇಲೆ ಒಂದು ಸಲವೂ ಆ ಕಡೆ ತಿರುಗಿ ನೋಡಿರಲಿಲ್ಲ.