ಟಿಕೀಟು ತೆಗೆದು ದಾಟಿದ ಹೊಳೆ

ಆ ಸೇತುವೆಗೆ ಟಿಕೀಟು ಇದೆ ಎಂದು ಗೊತ್ತಾದಾಗ ನನಗೆ ಮೊದಲು ಬಂದದ್ದು ಸಿಟ್ಟು. ಹೊಳೆ ದಾಟಲು ಏನೂ ಕೊಟ್ಟು ರೂಢಿಯಿಲ್ಲದ ಮನೆತನವೇನಲ್ಲ ನಮ್ಮದು. ನಾವೆ ನಡೆಸುವ ಅಂಬಿಗನಿಗೆ ಸುಗ್ಗಿಯಲ್ಲಿ ಜೋಳ ಕೊಟ್ಟವರೇ ನಾವು. ಆದರೆ ಇಲ್ಲಿ ಟಿಕೀಟು ಕೊಂಡವರು ಯಾರೂ ದಾಟಲು ಬಂದವರಲ್ಲ. ನಡುಮಧ್ಯದವರೆಗೆ ಹೋಗುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು, ಬಂದ ದಾರಿಯಲ್ಲೇ ತಿರುಗಿ ಹೋಗುತ್ತಿದ್ದರು. ಆ ಕಡೆ ಯಾರಿಗೂ ಯಾರೂ ಕಾಯುತ್ತಿರಲಿಲ್ಲ.

ಜಮಖಂಡಿಯಿಂದ ಹೊರಟ ಯಾತ್ರೆಯ ಬಸ್ಸಿನಲ್ಲಿ ನಾನೂ ಅಕ್ಕನೂ ಬಂದಿದ್ದೆವು. ದ್ವಾರಕೆ, ಸೋಮನಾಥ ಮುಗಿದು, ತಿರುಗಿ ಬರುವಾಗ ಅಹಮದಾಬಾದಿನಲ್ಲಿ ಒಂದು ಮಧ್ಯಾಹ್ನ ಬಿಡುವು ಸಿಕ್ಕಿತ್ತು. ಸಾಬರಮತಿಯ ಎರಡೂ ದಂಡೆಗೆ ಕಲ್ಲು ಹಾಸಿ, ಗಿಡ ನೆಟ್ಟು, ಕೂರಲು ಕಟ್ಟೆ ಕಟ್ಟಿಸಿ ಇಟ್ಟಿದ್ದಾರೆ. ನಡುವೆ ಈ ಕಾಲ್ಸೇತುವೆ. ವಾಹನಕ್ಕೆ ಪ್ರವೇಶವಿಲ್ಲ, ಮನುಷ್ಯರಿಗೆ ಮಾತ್ರ. ಮೇಲೆ ಉಕ್ಕಿನ ಕೊಳವೆಗಳ ಚಪ್ಪರ, ಅದಕ್ಕೆ ಕೆಂಪು, ಹಳದಿ, ಕಿತ್ತಳೆ ಬಣ್ಣದ ಬಟ್ಟೆ. ಗಾಳಿಪಟದ ಹಾಗೆ ಕಾಣಲಿ ಎಂದು ಮಾಡಿದ್ದಾರೆಂದು ಬಸ್ಸಿನ ಮೇಲ್ವಿಚಾರಕ ಹೇಳಿದ. ಅಕ್ಕ ಕುತ್ತಿಗೆ ಎತ್ತಿ ನೋಡಿ, "ಛಲೋ ಐತಿ. ಮದುವಿ ಹಂದರ ಹಾಕಿ ಬೀಗರು ಬರ್ಲಿಲ್ಲಂತ ಹಂಗs ಬಿಟ್ಟಾರ" ಅಂದಳು. ನನಗೆ ನಗು ಬಂತು. ನಾವಿಬ್ಬರೂ ಕೂಡಿ ನಕ್ಕು ಎಷ್ಟು ವರ್ಷವಾಗಿತ್ತೋ.

ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅವ್ವ ನಾನು ಅಂಗನವಾಡಿಗೆ ಹೋಗುವಾಗಲೇ ತೀರಿಕೊಂಡಿದ್ದರಿಂದ ನನ್ನ ಜಡೆ ಹಾಕಿದವಳು, ಹೇನು ತೆಗೆದವಳು, ಸಾಲಿಗೆ ಹೋಗಲು ಅಳುವಾಗ ಬೆನ್ನಿಗೆ ಗುದ್ದಿ ಕಳಿಸಿದವಳು ಎಲ್ಲ ಇವಳೇ. ಅಣ್ಣತಮ್ಮಂದಿರಿಲ್ಲ. ನಮ್ಮ ಊರು ಬೀಳಗಿ ತಾಲೂಕಿನಲ್ಲಿ, ಕೃಷ್ಣೆಯ ಈಚೆ ದಂಡೆಗೆ. ಅಕ್ಕನನ್ನು ಕೊಟ್ಟದ್ದು ಆಚೆ ದಂಡೆಯ ಊರಿಗೆ. "ಕೂಗಿದರ ಕೇಳಸ್ತೈತಿ" ಎಂದು ಅಪ್ಪ ಆ ಸಂಬಂಧ ಒಪ್ಪಿಕೊಂಡಿದ್ದ. ಅಣೆಕಟ್ಟಿನ ನೀರು ನಿಲ್ಲುವ ಮೊದಲಿನ ಮಾತು ಅದು. ಆಗ ಬೇಸಿಗೆಯಲ್ಲಿ ಹೊಳೆ ಮೊಣಕಾಲಿಗೆ ಬರುತ್ತಿತ್ತು, ಸೀರೆ ಎತ್ತಿ ಕಟ್ಟಿ ನಡೆದೇ ದಾಟುತ್ತಿದ್ದರು.

ನಮ್ಮ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮಗಳು ತವರಿಗೆ ಬರಬೇಕು, ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ಆದರೆ ತಾನಾಗಿ ಬರುವಂತಿಲ್ಲ. ತವರಿನವರು ಹೋಗಿ ಕರೆಯಬೇಕು. ಕರೆಯಲು ಬಂದವರ ಕೂಡ ಅತ್ತೆಮನೆಯವರು ಕಳಿಸಬೇಕು. ಕಳಿಸಲಿಲ್ಲವೆಂದರೆ ಅದು ಬರೀ ಮಗಳ ಸಂಕಟವಲ್ಲ, ಎರಡು ಮನೆಗಳ ಮಾನದ ಮಾತು. ಅಪ್ಪ ಪ್ರತಿ ಶ್ರಾವಣದಲ್ಲಿ ತಲೆಗೆ ಪಟಕಾ ಸುತ್ತಿ ನಾವೆಯಲ್ಲಿ ಹೋಗಿ ಅವಳನ್ನು ಕರೆತರುತ್ತಿದ್ದ.

ಹಿನ್ನೀರು ಪೂರ್ತಿ ನಿಂತ ಮೊದಲ ವರ್ಷ ಅಪ್ಪನ ಮೊಣಕಾಲು ಕೈಕೊಟ್ಟಿತು. "ಈ ಸಲ ನೀ ಹೋಗ. ಗಂಡಸರ ಬರಬೇಕಂತ ಎಲ್ಲೇನ ಬರದೈತಿ?" ಅಂದ. ನನಗಾಗ ಮಾಸ್ತರಿಕೆಯ ನೌಕರಿ ಸಿಕ್ಕು ಎರಡು ತಿಂಗಳು. ಭಾರೀ ಹುರುಪಿನಿಂದ ಹೋದೆ. ದಂಡೆಗೆ ಹೋಗಿ ನೋಡಿದರೆ ನನಗೆ ಗೊತ್ತಿದ್ದ ಹೊಳೆಯೇ ಇಲ್ಲ. ನಮ್ಮ ಹೊಲ ಇದ್ದಲ್ಲಿ ನೀರು, ಹುಣಸೆಗಿಡದ ತುದಿಯಷ್ಟೇ ಮೇಲೆ. ಆಚೆ ಊರು ಒಂದು ಗೆರೆಯ ಹಾಗೆ ಕಾಣುತ್ತಿತ್ತು. ಆಚೆ ಊರಿನವನೇ ಆದ ಅಂಬಿಗ ಅದೇ ಹಳೆಯ ನಾವೆ ಹಿಡಿದು, "ಬರ್ರಿ ಅಕ್ಕಾರ, ಸೆಳವಿಲ್ಲ ಏನಿಲ್ಲ, ನಿಂತ ನೀರು" ಎಂದು ಕರೆದ. ಒಂದು ಕಾಲು ನಾವೆಯಲ್ಲಿಟ್ಟೆ. ಅದು ಹೊಯ್ದಾಡಿತು. ಕಾಲು ತೆಗೆದೆ. ಕೆಂಪು ಕೊಡೆ ಹಿಡಿದು ಬಹಳ ಹೊತ್ತು ನಿಂತು, ತಿರುಗಿ ಮನೆಗೆ ಬಂದುಬಿಟ್ಟೆ.

ಹೆದರಿದೆ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಾಗೆ ಹೇಳಿದರೆ ಅಪ್ಪ ಆ ಕಾಲಿನಲ್ಲೇ ನಾವೆ ಹತ್ತುತ್ತಾನೆ ಎನ್ನುವುದು ಒಂದು. ನೌಕರಿ ಮಾಡುವ ಮಗಳಿಗೆ ನೀರಿನ ಅಂಜಿಕೆಯೇ ಎಂದು ಓಣಿಯವರು ನಗುತ್ತಾರೆ ಎನ್ನುವುದು ಇನ್ನೊಂದು. ಎರಡನೆಯದೇ ದೊಡ್ಡದಾಗಿತ್ತು, ಈಗ ಒಪ್ಪಿಕೊಳ್ಳುತ್ತೇನೆ. "ಅವರ ಅತ್ತಿ ಕಳಸೂದಿಲ್ಲಂತ" ಎಂದೆ. ಮುಂದಿನ ವಾರ ಏನಾದರೂ ಮಾಡಿ ಸರಿಪಡಿಸಿದರಾಯಿತು ಎಂದುಕೊಂಡಿದ್ದೆ.

ಅಪ್ಪ "ಕರಿಯಾಕ ಹೋದವರನ್ನ ಬರಿಗೈಲೆ ಕಳಿಸಿದ ಮನಿಗೆ ನಾವು ಮತ್ತ ಹೋಗೂದಿಲ್ಲ. ಅವರs ಬರ್ಲಿ" ಅಂದ. ಸಂಜೆಯೊಳಗೆ ಆ ಮಾತು ಊರಿಗೆಲ್ಲ ಗೊತ್ತಾಗಿತ್ತು. ನನ್ನ ಸುಳ್ಳಿಗೆ ಅಪ್ಪನ ಮಾನ ಸೇರಿಕೊಂಡಿತು. ಇನ್ನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ನನಗೆಲ್ಲಿಂದ ಬರಬೇಕು?

ಆಮೇಲೆ ಪಂಚಮಿಗಳು ಬಂದವು, ಹೋದವು. ಅಕ್ಕ ಬರಲಿಲ್ಲ. ನನ್ನ ಮದುವೆಗೆ ಬಂದಳು, ಎರಡು ಬಸ್ಸು ಬದಲಿಸಿ, ಗಂಡನ ಕೂಡ. ನೆಂಟರ ಹಾಗೆ ಬಂದು ನೆಂಟರ ಹಾಗೆ ಹೋದಳು. ಅಪ್ಪ ಬಿಗುಮಾನದಲ್ಲಿ ಮಾತಾಡಲಿಲ್ಲ, ಅವಳೂ ಮಾತಾಡಲಿಲ್ಲ. ಅರಿಷಿಣ ಹಚ್ಚಿಸಿಕೊಂಡ ಮದುಮಗಳು ನಾನು ಇಬ್ಬರ ಮುಖವನ್ನೂ ಕಳ್ಳಿಯ ಹಾಗೆ ನೋಡುತ್ತ ಕುಳಿತಿದ್ದೆ. ಅಪ್ಪ ತೀರಿಕೊಂಡಾಗ ಬಂದು, ಮೂರನೆಯ ದಿನಕ್ಕೆ ಹೊರಟುಹೋದಳು. ನನಗೆ ಅಕ್ಕ ಬೇಕಾಗಿತ್ತು. ಎರಡು ಹೆತ್ತೆ, ಎರಡೂ ಸಲ ಬಾಣಂತನದಲ್ಲಿ ಬಾಗಿಲು ನೋಡುತ್ತ ಮಲಗಿದ್ದೆ. ಶ್ರಾವಣದ ಗಾಳಿ ಬೀಸಿದರೆ ಸಾಕು, ತರಗತಿಯಲ್ಲಿ ಪಾಠ ಮಾಡುವಾಗಲೇ ಅವಳ ಕೈಯ ಹರಳೆಣ್ಣೆ ವಾಸನೆ ಬಂದ ಹಾಗಾಗಿ ಮಾತು ನಿಂತುಬಿಡುತ್ತಿತ್ತು. ಇಪ್ಪತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಹೇಳಿಕೊಟ್ಟವಳ ಬಾಳು ಇದು.

ಹಾಗಾಗಿ ಈ ಯಾತ್ರೆಗೆ ಅವಳನ್ನು ಕೇಳದೆಯೇ ಎರಡು ಸೀಟು ಹಿಡಿದೆ. ಹೇಳಿಬಿಡಬೇಕು, ಬೈದರೆ ಬೈಯಲಿ, ಬಸ್ಸಿನಿಂದ ಇಳಿದು ಎಲ್ಲಿಗೂ ಹೋಗಲಾರಳಲ್ಲ ಎಂಬುದು ನನ್ನ ಲೆಕ್ಕ. ದ್ವಾರಕೆಯಲ್ಲಿ ಹೇಳಬೇಕೆಂದೆ, ಆಗಲಿಲ್ಲ. ಸೋಮನಾಥದಲ್ಲಿ ದೇವರೆದುರು ಬಾಯಿ ತೆರೆದೆ. ಅವಳು, "ಪ್ರಸಾದ ಹಿಡಿ, ಚಪ್ಪಲಿ ನೋಡಕೊಂಡ ಬರ್ತೇನಿ" ಎಂದು ನಡೆದಳು.

ಸೇತುವೆಯ ನಡುವೆ ಒಂದಿಷ್ಟು ಗಾಜಿನ ನೆಲವಿತ್ತು. ಕಾಲಡಿಯಲ್ಲೇ ನೀರು ಕಾಣುತ್ತಿತ್ತು. ಹಸಿರು ನೀರು, ಅಲೆಯಿಲ್ಲ. "ಇದು ಹರಿಯಾಕತ್ತಿಲ್ಲಲ್ಲ?" ಎಂದು ಅಕ್ಕ ಕೇಳಿದಳು. ಕೆಳಗೆ ಒಡ್ಡು ಹಾಕಿ ಕಾಲುವೆ ನೀರು ತಂದು ನಿಲ್ಲಿಸಿದ್ದಾರಂತೆ ಎಂದೆ. "ನಮ್ಮದರಂಗs ನಿಂತ ನೀರು" ಎಂದು ಕಟಕಟೆ ಹಿಡಿದು ನಿಂತಳು. ಆ ಕಡೆಯ ದಂಡೆ ಅಷ್ಟು ಹತ್ತಿರ. ನಾಲ್ಕು ಮಾತಾಡುವುದರೊಳಗೆ ನಡೆದು ಮುಗಿಯುವಷ್ಟು. ಇಂಥದ್ದೊಂದು ನಮಗಿದ್ದಿದ್ದರೆ ಎಂಬ ಹೊಟ್ಟೆಕಿಚ್ಚು ಗಂಟಲಿಗೆ ಬಂತು. ಅದರ ಹಿಂದೆಯೇ ಉಳಿದದ್ದೂ ಬಂತು. ತಡೆಯಲಾಗಲಿಲ್ಲ.

"ಅಕ್ಕಾ, ಆ ಪಂಚಮಿಗೆ ನಿಮ್ಮ ಅತ್ತಿ ಕಳಸಲಿಲ್ಲಂತ ನಾ ಅಪ್ಪಗ ಸುಳ್ಳ ಹೇಳಿದ್ನಿ. ನಾ ಹೊಳಿ ದಾಟೇ ಇರಲಿಲ್ಲ."

ಅವಳು ನನ್ನ ಕಡೆ ತಿರುಗಲಿಲ್ಲ. ನೀರನ್ನೇ ನೋಡುತ್ತಿದ್ದಳು.

"ದಾಟಲಿಲ್ಲ ಅನ್ನೂದು ಗೊತ್ತೈತಿ. ನಾ ಚೀಲಾ ಹಿಡಕೊಂಡು ಆ ಕಡಿ ದಂಡ್ಯಾಗ ನಿಂತಿದ್ನೆಲ್ಲ. ಕೆಂಪು ಕೊಡಿ ಕಾಣತಿತ್ತು. ಬಾಳೊತ್ತು ನಿಂತು ಹೊಳ್ಳಿ ಹ್ವಾತು. ಆಮ್ಯಾಲೆ ಅಂಬಿಗ ಬಂದು ಹೇಳಿದಾ, ನಿನ್ನ ತಂಗಿನs ಅಂತ."

"ಮತ್ತ ಒಂದು ಮಾತೂ ಕೇಳಲಿಲ್ಲಲ್ಲ?"

"ಏನ ಕೇಳಲಿ ಹುಚ್ಚಿ? ದಂಡಿತನಕಾ ಬಂದವಳು ಹೊಳ್ಳಿ ಹೋದ್ಳಂದ್ರ, ಅಪ್ಪನs ಬ್ಯಾಡ ಅಂದಿರಬೇಕು ಅಂತ ತಿಳಕೊಂಡ್ನಿ. ಕೊಟ್ಟ ಮ್ಯಾಲೆ ಬಾರ ಇಳೀತು ಅಂದಕೊಂಡಾನ ಅಂತ." ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲ ಸಲ ನನ್ನನ್ನು ನೋಡಿದಳು. "ಅಪ್ಪ ನನ್ನ ಕೇಳತಿದ್ನೇನ?"

"ಪ್ರತಿ ಪಂಚಮಿಗೂ. ಈ ವರ್ಷಾರ ಕಳಸ್ತಾರೇನಂತ. ಹಾಸಿಗಿ ಹಿಡದ ವರ್ಷಾನೂ ಕೇಳಿದಾ."

ನಮ್ಮ ಬಸ್ಸಿನ ಹೆಂಗಸರು ನಗುತ್ತ ನಮ್ಮನ್ನು ದಾಟಿ ಹೋದರು, ಫೋಟೋಕ್ಕೆ ಕರೆದರು. ಅಕ್ಕ ಕೈಯಾಡಿಸಿ ಹೋಗಿರಿ ಎಂದಳು. ಅವಳು ಬೈಯುತ್ತಾಳೆಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳ ದನಿ ಏರಲಿಲ್ಲ.

"ಅಂವ ಇದ್ದಾಗ ಇದನ್ನ ಹೇಳಬೇಕಾಗಿತ್ತು ನೀ" ಅಂದಳು. "ಕರಿಯಾಕ ಯಾರೂ ಬರದಿದ್ರೂ ಬರತಿದ್ನಿ. ಬಾಗಲದಾಗ ನಿಂತು, ನೀ ಯಾಕ ಮತ್ತ ಕರಿಯಾಕ ಬರಲಿಲ್ಲಂತ ಓಣಿ ಮಂದಿಗೆಲ್ಲಾ ಕೇಳೂವಂಗ ಅವನ ಕೂಡ ಜಗಳಾ ತಗೀತಿದ್ನಿ."